ಗಾಯ ಮುಂದ, ಕೊಯ್ಯೂದು ಹಿಂದ?

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಶನಿವಾರ ಭಾನುವಾರಗಳೂ ಅದರ ಹೊಟ್ಟೆಗೇ ಹೋದವು. ಇವತ್ತಿನ ಬರಹಕ್ಕೆ ಕಾರಣ ಹೋದ ವರ್ಷ ಊರಿನಿಂದ ಫೋನಿನಲ್ಲಿ ಬಂದ ಒಂದು ಪ್ರಶ್ನೆ. ಆಗಲೇ ಬರೆಯಬೇಕು ಅಂದುಕೊಂಡಿದ್ದೆ, ಆದರೆ ವಿಷಯ ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡಿಕೊಂಡೇ ಬರೆಯೋಣ ಅಂತ ಕಾದೆ. ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ಸ್ವಲ್ಪ ಉದ್ದ ಇದೆ. ಒಂದು ಕಪ್ ಚಹಾ ಮಾಡಿಕೊಂಡು ಕೂತರೆ ಒಳ್ಳೆಯದು :)

ನಮ್ಮೂರು ಹತ್ತರಗಿ, ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕು. ಹೆಸರು ಕೇಳಿಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಬೆಳಗಾವಿಯಿಂದ ಕೊಲ್ಹಾಪುರ, ಪುಣೆ ಕಡೆಗೆ ಹೈವೇ ಹಿಡಿದು ಹೋಗಿದ್ದರೆ ನಮ್ಮೂರ ಟೋಲ್ ನಾಕಾದಲ್ಲಿ ದುಡ್ಡು ಕಟ್ಟಿಯೇ ಮುಂದೆ ಹೋಗಿರುತ್ತೀರಿ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಡ್ಯಾಮು ಹತ್ತಿರದಲ್ಲೇ ಇದೆ, ಸಂಕೇಶ್ವರದ ಸಕ್ಕರೆ ಕಾರ್ಖಾನೆಯೂ ದೂರವೇನಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ಸಕ್ಕರೆ ಕಾಯಿಲೆಗೂ ಬರವಿಲ್ಲ. (ಕಬ್ಬು ಬೆಳೆಯುವುದಕ್ಕೂ ಆ ಕಾಯಿಲೆಗೂ ನೇರ ಸಂಬಂಧ ಇಲ್ಲ, ಕಬ್ಬು ಬೆಳೆಯದ ಊರಲ್ಲೂ ಇದೇ ಕಥೆ. ಐಸಿಎಂಆರ್ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ, ವಯಸ್ಕರಲ್ಲಿ ಶೇಕಡಾ 11.4.)

ಆ ಹತ್ತು ಕೋಟಿಯಲ್ಲಿ ನಮ್ಮ ಕಾಕಾ ಒಬ್ಬರು. ಹುಟ್ಟಿದ್ದು 1966ರಲ್ಲಿ, ಸಕ್ಕರೆ ಕಾಯಿಲೆ ಶುರುವಾಗಿ ಹದಿನೆಂಟು ವರ್ಷದ ಮೇಲಾಯಿತು. ಗುಳಿಗೆ ತಗೊಳ್ಳುತ್ತಾರೆ, ನೆನಪಾದಾಗ. ಮೂರು ವರ್ಷದ ಹಿಂದೆ ಒಂದು ದಿನ ಅವರು ಓಡಾಡಿದಲ್ಲೆಲ್ಲ ನೆಲದ ಮೇಲೆ ಒದ್ದೆ ಕಲೆ ಬೀಳುತ್ತಿರುವುದನ್ನು ಕಾಕು ನೋಡಿದಳು. ಕಾಲೆತ್ತಿಸಿ ನೋಡಿದರೆ ಬಲಗಾಲಿನ ಹೆಬ್ಬೆರಳ ಬುಡದ ಕೆಳಗೆ, ಅಂಗಾಲಿನ ಮುಂಭಾಗದಲ್ಲಿ, ನಾಲ್ಕಾಣೆ ಅಗಲದ ತೂತು. ಸುತ್ತ ದಡ್ಡುಗಟ್ಟಿದ ಚರ್ಮ, ನಡುವೆ ಹಸಿ ಮಾಂಸ. ಅದೇ ಕಾಲಿನಲ್ಲಿ ಆ ಮನುಷ್ಯ ಬೆಳಿಗ್ಗೆ ಕಬ್ಬಿಗೆ ನೀರು ಬಿಟ್ಟು ಬಂದಿದ್ದರು! ನೋವೇ ಇರಲಿಲ್ಲ.

ಬೆಳಗಾವಿಯ ಡಾಕ್ಟರು ಒಂದು ನೈಲಾನ್ ಎಳೆ ತೆಗೆದು ಅಂಗಾಲಿಗೆ ಅಲ್ಲಲ್ಲಿ ಚುಚ್ಚಿದರಂತೆ. ಮೀನು ಹಿಡಿಯುವ ದಾರದ ಹಾಗಿರುತ್ತದೆ ಅದು, ಹತ್ತು ಗ್ರಾಂ ಭಾರ ಬಿದ್ದ ತಕ್ಷಣ ಬಾಗುತ್ತದೆ. ಅಷ್ಟು ಒತ್ತಿದ್ದು ಗೊತ್ತಾಗದಿದ್ದರೆ ಕಾಲಿಗೆ ರಕ್ಷಣೆಯ ಸ್ಪರ್ಶ ಉಳಿದಿಲ್ಲ ಅಂತ ಅರ್ಥ. ಡಾಕ್ಟರು ಹತ್ತು ಕಡೆ ಮುಟ್ಟಿ ಮುಗಿಸಿದ ಮೇಲೆ ಕಾಕಾ ಕೇಳಿದ್ದು: "ಯಾವಾಗ ಚಾಲೂ ಮಾಡತೀರಿ ಸರ?"

ಆಮೇಲೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಅಂದರಂತೆ. ಕಾಕಾ ಭಕ್ತಿಯಿಂದ ಎದ್ದು ನಿಂತು ಡಾಕ್ಟರಿಗೇ ನಮಸ್ಕಾರ ಮಾಡಿದರು. ಡಾಕ್ಟರಿಗೆ ಬೇಕಾದದ್ದು ಅದಲ್ಲ, ಅಂಗೈಗಳ ನಡುವಿನ ಸಂದು. ಕಾಕಾನ ಬೆರಳುಗಳು ಒಂದಕ್ಕೊಂದು ಪೂರ್ತಿ ಕೂಡಲೇ ಇಲ್ಲ, ನಡುವೆ ಬೆಳಕು ಕಾಣುತ್ತಿತ್ತು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ವೈದ್ಯರು ಇದನ್ನು ಪ್ರೇಯರ್ ಸೈನ್ ಅಂತಲೇ ಕರೆಯುತ್ತಾರೆ. ಕೀಲಿನ ಸುತ್ತಲಿನ ಚರ್ಮ, ಟೆಂಡನ್ ಎಲ್ಲ ಬಿರುಸಾಗಿ ಬೆರಳು ನೆಟ್ಟಗಾಗುವುದಿಲ್ಲ. ನಮ್ಮ ಮನೆಯಲ್ಲಿ ದೇವರ ಮುಂದೆ ಕಾಕಾ ಕೈ ಮುಗಿಯುವುದನ್ನು ಎಷ್ಟು ವರ್ಷ ನೋಡಿದ್ದೇವೆ, ಆ ಸಂದಿನಲ್ಲಿ ಒಂದು ರೋಗಲಕ್ಷಣ ಇದೆ ಅಂತ ಯಾರಿಗೆ ಗೊತ್ತಿತ್ತು?

ಕಾಲಿಗೆ ಅಂಗಾಲು ಪೂರ್ತಿ ಒತ್ತಿಕೊಳ್ಳುವ ಹಾಗೆ ಪ್ಲಾಸ್ಟರ್ ಹಾಕಿದರು. ಏಳು ವಾರದಲ್ಲಿ ಗಾಯ ಮಾಯಿತು. ಪ್ಲಾಸ್ಟರ್ ತೆಗೆದರು, ಕಾಕಾ ಹೊಲಕ್ಕೆ ಹೋದರು, ನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಗಾಯ. ಮತ್ತೆ ಪ್ಲಾಸ್ಟರ್, ಮತ್ತೆ ಮಾಯಿತು, ಮತ್ತೆ ಆಯಿತು. ಅದೇ ಜಾಗ, ಒಂದು ಬೆರಳಿನಷ್ಟೂ ಆಚೆ ಈಚೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಗ್ ಕ್ಲೋಸ್ ಮಾಡಿದ್ದು, ರೀಓಪನ್ ಆಗಿದ್ದು, ಮತ್ತೆ ಕ್ಲೋಸ್ ಮಾಡಿದ್ದು. ಮೂಲ ಕಾರಣ ಬೇರೆ ಫೈಲಿನಲ್ಲಿದ್ದರೆ ಹೀಗೇ ಆಗೋದು.

ಮೂರನೇ ಸಲ ಡಾಕ್ಟರು ಎಕ್ಸ್‌ರೇ ತೆಗೆಸಿ ಮೂಳೆಗೆ ಸೋಂಕು ಇಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡರು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡಿದರು. ನಂತರ ಮೊಣಕಾಲು ನೆಟ್ಟಗಿಟ್ಟು ಪಾದವನ್ನು ಮೇಲಕ್ಕೆ ಒತ್ತಿದರು. ಪಾದ ಕಾಲಿಗೆ ತೊಂಬತ್ತು ಡಿಗ್ರಿಯವರೆಗೂ ಬರಲಿಲ್ಲ. ಮೊಣಕಾಲು ಮಡಚಿ ಒತ್ತಿದರು, ಆಗಲೂ ಬರಲಿಲ್ಲ. ಮಡಚಿದಾಗ ಬಂದಿದ್ದರೆ ಬಿಗಿ ಇರುವುದು ಮೀನಖಂಡದ ಮೇಲಿನ ಒಂದು ಸ್ನಾಯುವಿನಲ್ಲಿ ಮಾತ್ರ ಅನ್ನಬಹುದಿತ್ತು. ಎರಡೂ ಸಲ ಬರಲಿಲ್ಲ ಅಂದರೆ ಬಿಗಿ ಕೆಳಗೆ, ಹಿಮ್ಮಡಿಗೆ ಅಂಟಿದ ಟೆಂಡನ್ನಿನವರೆಗೂ ಇದೆ. "ಹಿಂದಿನ ಟೆಂಡನ್ ಸ್ವಲ್ಪ ಉದ್ದ ಮಾಡಬೇಕು, ಸಣ್ಣ ಆಪರೇಷನ್" ಅಂದರು.

ಮನೆಯಲ್ಲಿ ಇದು ಸಣ್ಣದಾಗಿ ಕೇಳಿಸಲಿಲ್ಲ. ನಮ್ಮ ಆಯಿಗೆ ತೊಂಬತ್ತು ಹತ್ತಿರ ಬಂತು, ಅವಳ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ: "ಗಾಯ ಮುಂದ ಐತಿ, ಕೊಯ್ಯೂದು ಹಿಂದ ಅಂತಾರ. ಇದ್ಯಾವ ಶಾಣ್ಯಾತನಾ?" ಪಕ್ಕದ ಮನೆಯವರು ಇನ್ನೊಂದು ಸೇರಿಸಿದರು: "ಹಿಮ್ಮಡಿ ನರಾ ಹೋದ್ರ ಎತ್ತ ಸೈತ ಮ್ಯಾಲ ಏಳೂದಿಲ್ಲ." ಕಾಕು ಅಳಲು ಶುರು ಮಾಡಿದಳು. ಕೊನೆಗೆ ಕಾಕಾನ ಮಗ ನನಗೆ ಫೋನ್ ಮಾಡಿದ. ನಮ್ಮ ಕಡೆ ಇಂಜಿನಿಯರ್ ಅಂದರೆ ಮಿಕ್ಸರ್‌ನಿಂದ ಹಿಡಿದು ಕಾಲಿನ ತನಕ ಎಲ್ಲ ರಿಪೇರಿ ಗೊತ್ತಿರಬೇಕು :) "ಅಣ್ಣಾ, ನೀ ಮೆಕ್ಯಾನಿಕಲ್ ಓದೀದಿ. ಡಾಕ್ಟರು ಹೇಳೂದು ಖರೇ ಏನು? ಗಾಯಕ್ಕೂ ಹಿಂದಿನ ನರಕ್ಕೂ ಏನ ಸಂಬಂಧ?"

ನಾನು ಡಾಕ್ಟರ್ ಅಲ್ಲ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಲಕ್ಷಾಂತರ ಮಂದಿಯಲ್ಲಿ ಒಬ್ಬ. ಆದರೆ ಆ ಪ್ರಶ್ನೆ ಮಾತ್ರ ಶುದ್ಧ ಮೆಕ್ಯಾನಿಕಲ್ ಪ್ರಶ್ನೆ. ಅಂದು ರಾತ್ರಿ ಓದಲು ಕೂತವನು ಒಂದು ವಾರ ಬಿಡಲಿಲ್ಲ. ಓದಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ಟೆಂಡನ್‌ಗೆ ಕನ್ನಡದಲ್ಲಿ ಸ್ನಾಯುರಜ್ಜು ಅಂತಾರೆ. ರಜ್ಜು ಅಂದರೆ ಹಗ್ಗ, ಹೆಸರಿನಲ್ಲೇ ಎಲ್ಲ ಇದೆ. ಊರಲ್ಲಿ ಎಲ್ಲದಕ್ಕೂ ನರ ಅನ್ನುವುದರಿಂದ ಗೊಂದಲ ಆಗುತ್ತದೆ. ಸಂವೇದನೆ ಒಯ್ಯುವ ನರವೇ ಬೇರೆ, ಇದೇ ಬೇರೆ. ಇದು ಸ್ನಾಯುವನ್ನು ಮೂಳೆಗೆ ಕಟ್ಟಿದ ಹಗ್ಗ. ಕೊಲ್ಯಾಜೆನ್ ಅನ್ನುವ ಪ್ರೋಟೀನಿನ ಎಳೆಗಳು ಸೇರಿ ನೂಲು, ನೂಲು ಸೇರಿ ಹುರಿ, ಹುರಿ ಸೇರಿ ಹಗ್ಗ. ಪುಂಡಿ ನಾರಿನಲ್ಲಿ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಬೇರೆ ಚಿತ್ರ ಬೇಡ. ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಅಕಿಲಿಸ್ ಟೆಂಡನ್ ದೇಹದಲ್ಲೇ ಅತಿ ದಪ್ಪನೆಯದು. ಸುಮ್ಮನೆ ನಡೆಯುವಾಗಲೇ ಅದರ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಎಳೆತ ಬೀಳುತ್ತದೆ. ಎಪ್ಪತ್ತೈದು ಕಿಲೋ ಮನುಷ್ಯನಿಗೆ ಸುಮಾರು ಇನ್ನೂರು ಕಿಲೋ, ಪ್ರತಿ ಹೆಜ್ಜೆಗೂ!

ಕಾಲೇಜಿನಲ್ಲಿ ಉಕ್ಕಿನ ಸರಳು ಎಳೆದು ಗ್ರಾಫ್ ಬರೆದ ನೆನಪು ಇರುವವರಿಗೆ: ಟೆಂಡನ್ ಗ್ರಾಫ್ ಶುರುವಿನಲ್ಲಿ ಉಕ್ಕಿನ ಹಾಗೆ ನೆಟ್ಟಗೆ ಏರುವುದಿಲ್ಲ. ಮೊದಲು ಸಲೀಸಾಗಿ ಹಿಗ್ಗುತ್ತದೆ, ಯಾಕೆಂದರೆ ಎಳೆಗಳು ಅಲೆ ಅಲೆಯಾಗಿ ಮಲಗಿರುತ್ತವೆ, ಆ ಅಲೆ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಂಡ ಮೇಲೆ ಬಿಗಿ ಆಗುತ್ತದೆ. ಬಿಗಿ ಆದ ಮೇಲೂ ಎಳೆಗಳು ಒಂದರ ಪಕ್ಕ ಒಂದು ಸ್ವಲ್ಪ ಜಾರುತ್ತವೆ. ಹಗ್ಗಕ್ಕೆ ಜೀವ ಇರುವುದು ಈ ಜಾರುವಿಕೆಯಲ್ಲಿ.

ಸಕ್ಕರೆ ಅಲ್ಲಿ ಏನು ಮಾಡುತ್ತದೆ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಕೊಲ್ಹಾಪುರಿ ಚಪ್ಪಲಿ ಅಂತ ಹೆಸರು ಕೊಲ್ಹಾಪುರಕ್ಕೆ ಹೋದರೂ ಅದನ್ನು ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ ಕಡೆಯೂ ಇವೆ. 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಸೇರಿದವು. ಹಸಿ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದ ಮಾಡುತ್ತಾರಲ್ಲ, ಅಲ್ಲಿ ನಡೆಯುವುದೇನು? ತೊಗಲಿನಲ್ಲಿ ಇರುವುದೂ ಇದೇ ಕೊಲ್ಯಾಜೆನ್. ತೊಗಟೆಯ ಒಗರು ಅದರ ಎಳೆಗಳ ನಡುವೆ ಹೊಕ್ಕು ಒಂದಕ್ಕೊಂದು ಬೆಸೆಯುತ್ತದೆ. ಬೆಸೆದ ತೊಗಲು ಕೊಳೆಯುವುದಿಲ್ಲ, ಗಟ್ಟಿ ಆಗುತ್ತದೆ. ಚಪ್ಪಲಿಗೆ ಅದೇ ಬೇಕು.

ಬದುಕಿರುವ ಮನುಷ್ಯನ ಟೆಂಡನ್ನಿನಲ್ಲಿ ರಕ್ತದ ಗ್ಲೂಕೋಸ್ ಬೇರೆ ರಸಾಯನದಿಂದ ಇಂಥದ್ದೇ ಕೆಲಸ ಮಾಡುತ್ತದೆ, ಬಹಳ ನಿಧಾನಕ್ಕೆ. ಸಕ್ಕರೆ ಪ್ರೋಟೀನಿಗೆ ಅಂಟಿ, ವರ್ಷಗಟ್ಟಲೆ ಒಳಗೊಳಗೇ ಬದಲಾಗಿ, ಕೊನೆಗೆ ಎರಡು ಎಳೆಗಳ ನಡುವೆ ಕೊಂಡಿ ಹಾಕುತ್ತದೆ. ಸಕ್ಕರೆಗೂ ಪ್ರೋಟೀನಿನ ಚೂರುಗಳಿಗೂ ಕೂಡಿ ಬರುವ ಈ ರಸಾಯನವನ್ನು ಫ್ರಾನ್ಸಿನ ಮಯ್ಯಾರ್ ಅನ್ನುವವರು 1912ರಲ್ಲಿ ವಿವರಿಸಿದರು. ಬೇಯಿಸಿದ ಬ್ರೆಡ್ಡಿನ ಮೇಲ್ಮೈ ಕಂದಾಗುವುದು, ಗಾಣದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕೆಂಪಗಾಗುವುದರಲ್ಲೂ ಇದರ ಪಾಲು ಇದೆ. ಕೊಪ್ಪರಿಗೆಯಲ್ಲಿ ಗಂಟೆಗಳಲ್ಲಿ ಆಗುವುದು ದೇಹದ ಮೂವತ್ತೇಳು ಡಿಗ್ರಿಯಲ್ಲಿ ವರ್ಷಗಳಲ್ಲಿ ಆಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ವಯಸ್ಸಾದಂತೆ ಆಗುತ್ತದೆ, ಇದ್ದವರಿಗೆ ಬೇಗ ಮತ್ತು ಹೆಚ್ಚು.

ನೀವು ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿದ್ದರೆ ಈ ರಸಾಯನದ ಮೊದಲ ಹೆಜ್ಜೆಯನ್ನೇ ಅಳತೆ ಮಾಡಿಸಿದ್ದೀರಿ: ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವುದು. ಕೆಂಪು ರಕ್ತಕಣದ ಆಯಸ್ಸು ಸುಮಾರು ನೂರಿಪ್ಪತ್ತು ದಿನ. ಅದಕ್ಕೇ ಆ ನಂಬರ್ ಎರಡು ಮೂರು ತಿಂಗಳ ಸಕ್ಕರೆಯ ಕಥೆ ಹೇಳುತ್ತದೆ, ಹಳೆ ಕಣ ಹೋಗಿ ಹೊಸದು ಬಂದರೆ ಲೆಕ್ಕ ಹೊಸದಾಗುತ್ತದೆ. ಸರ್ವರಿನಲ್ಲಿ ಲಾಗ್ ಫೈಲ್ ಮೂರು ತಿಂಗಳಿಗೊಮ್ಮೆ ಅಳಿಸಿ ಹೊಸದು ಶುರು ಮಾಡಿದ ಹಾಗೆ.

ಟೆಂಡನ್ನಿನ ಲಾಗ್ ಅಳಿಸುವುದಿಲ್ಲ. ಇದನ್ನು ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ ರೀತಿ ನನ್ನನ್ನು ಎರಡು ದಿನ ಬಿಡದೆ ಕಾಡಿತು. 1950-60ರ ದಶಕದಲ್ಲಿ ಅಮೆರಿಕ, ರಷ್ಯಾ ಬಯಲಲ್ಲೇ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡುತ್ತಿದ್ದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಯಿತು, 1963ರಲ್ಲಿ ಬಯಲು ಪರೀಕ್ಷೆ ನಿಲ್ಲಿಸುವ ಒಪ್ಪಂದ ಆದ ಮೇಲೆ ನಿಧಾನಕ್ಕೆ ಇಳಿಯಿತು. ಯಾವ ವರ್ಷ ದೇಹದ ಯಾವ ಭಾಗ ಕಟ್ಟಿಕೊಂಡಿತೋ ಆ ವರ್ಷದ ಗಾಳಿಯ ಗುರುತು ಅದರಲ್ಲಿ ಉಳಿದಿರುತ್ತದೆ. ಬೇರೆ ಬೇರೆ ವರ್ಷ ಹುಟ್ಟಿದವರ ಅಕಿಲಿಸ್ ಟೆಂಡನ್ನಿನ ತಿರುಳು ತೆಗೆದು ಅಳೆದರೆ ಅದರಲ್ಲಿ ಇದ್ದದ್ದು ಅವರ ಮೊದಲ ಹದಿನೇಳು ವರ್ಷದ ಗಾಳಿಯ ಗುರುತು! ಅಂದರೆ ಆ ತಿರುಳು ಬೆಳೆಯುವ ವಯಸ್ಸಿನಲ್ಲಿ ಕಟ್ಟಿಕೊಂಡು ಮುಗಿಯಿತು, ಆಮೇಲೆ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ನಮ್ಮ ಕಾಕಾನ ಹಿಮ್ಮಡಿಯಲ್ಲಿರುವ ಹಗ್ಗ ಅವರು ಹತ್ತರಗಿಯಲ್ಲಿ ಗೋಲಿ ಆಡುತ್ತಿದ್ದಾಗಿನದೇ. ಅದರ ಮೇಲೆ ಹದಿನೆಂಟು ವರ್ಷದ ಹೆಚ್ಚುವರಿ ಸಕ್ಕರೆ ಕೂತಿದೆ. ಈ ತಿಂಗಳು ಶುಗರ್ ನಾರ್ಮಲ್ ಬಂತು ಅಂತ ಹಳೇ ಕೊಂಡಿ ಬಿಚ್ಚಿಕೊಳ್ಳುವುದಿಲ್ಲ, ಹೊಸ ಕೊಂಡಿ ಬೀಳುವ ವೇಗ ಕಡಿಮೆ ಆಗುತ್ತದೆ ಅಷ್ಟೇ. (ಅದೇನು ಕಡಿಮೆ ಲಾಭವಲ್ಲ.)

ಇದೆಲ್ಲ ಬರೀ ಊಹೆಯಲ್ಲ. 1997ರಲ್ಲಿ ಅಮೆರಿಕದ ವೈದ್ಯರು ಡಯಾಬಿಟಿಸ್ ಇದ್ದವರ ಅಕಿಲಿಸ್ ಟೆಂಡನ್ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎಳೆಗಳು ಸಣ್ಣಗಾಗಿ, ಒತ್ತೊತ್ತಾಗಿ, ಅಡ್ಡಾದಿಡ್ಡಿ ಕಂಡವು. 2016ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಳೆದಾಗ ಡಯಾಬಿಟಿಸ್ ಇದ್ದವರ ಟೆಂಡನ್ನಿನ ಪದಾರ್ಥವೇ ಹೆಚ್ಚು ಬಿರುಸು ಅಂತ ಬಂತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2013ರಲ್ಲಿ ಜ್ಯೂರಿಕ್‌ನವರು ಇಲಿ ಬಾಲದ ಟೆಂಡನ್ ಮೇಲೆ ಮಾಡಿದ ಪ್ರಯೋಗ. ಅಂಥ ಕೊಂಡಿಗಳನ್ನು ಬೇಕೆಂದೇ ಹಾಕಿ ಎಳೆದು ನೋಡಿದರು. ಎಳೆಗಳ ಜಾರುವಿಕೆ ಕಡಿಮೆಯಾಗಿತ್ತು. ಹಗ್ಗ ಇದೆ, ಹಗ್ಗದ ಜೀವ ಹೋಗಿದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಯಾರಾದರೂ ನನ್ನನ್ನು ಹಿಡಿಯುತ್ತೀರಿ. ಅಲ್ಟ್ರಾಸೌಂಡಿನಿಂದ ಟೆಂಡನ್ನಿನ ಬಿರುಸು ನೋಡುವ ಪರೀಕ್ಷೆ ಬಂದ ಮೇಲೆ ಫಲಿತಾಂಶಗಳೆಲ್ಲ ಒಂದೇ ದಿಕ್ಕಿನಲ್ಲಿ ಇಲ್ಲ. ಡಯಾಬಿಟಿಸ್ ಪಾದದ ಗಾಯ ಇರುವವರ ಟೆಂಡನ್ ಮೆತ್ತಗಾಗಿದೆ ಅಂದ ಅಧ್ಯಯನಗಳೂ ಇವೆ. ಇದು ಅಷ್ಟು ವಿಚಿತ್ರವಲ್ಲ. ಪದಾರ್ಥದ ಬಿರುಸು ಬೇರೆ, ಇಡೀ ಹಗ್ಗದ ಬಿರುಸು ಬೇರೆ. ಟೆಂಡನ್ ಊದಿ ದಪ್ಪ ಆದರೆ ಪದಾರ್ಥ ಸಡಿಲಾದರೂ ಹಗ್ಗ ಬಿಗಿಯಾಗೇ ಇರಬಹುದು. ಜೊತೆಗೆ ಓಡಾಟವಿಲ್ಲದೆ ಮೀನಖಂಡದ ಸ್ನಾಯುವೂ ಮೊಟಕಾಗಿರುತ್ತದೆ, ಕೀಲಿನ ಚೀಲವೂ ಬಿಗಿದಿರುತ್ತದೆ. ಆದ್ದರಿಂದ ಕೊನೆಗೆ ಡಾಕ್ಟರು ಕೈಯಲ್ಲಿ ಒತ್ತಿ ನೋಡಿದ ಆ ಕೋನವೇ ಹೆಚ್ಚು ಮುಖ್ಯ ಅಂತ ನನ್ನ ಅನಿಸಿಕೆ. ಪಾದ ಮೇಲಕ್ಕೆ ಬಾಗುತ್ತದೋ ಇಲ್ಲವೋ?

ಯಾಕೆ ಮುಖ್ಯ ಅಂತ ನೋಡಲು ಒಮ್ಮೆ ಎದ್ದು ನಿಧಾನಕ್ಕೆ ಒಂದು ಹೆಜ್ಜೆ ಹಾಕಿ ನೋಡಿ. ಪಾದ ನೆಲಕ್ಕೆ ಚಪ್ಪಟೆ ಕೂತ ಮೇಲೆ ನಿಮ್ಮ ಮೊಣಕಾಲು ಪಾದದ ಮೇಲಿಂದ ಮುಂದೆ ಹಾಯುತ್ತದೆ. ಆಗ ಹಿಮ್ಮಡಿ ಇನ್ನೂ ನೆಲದಲ್ಲೇ ಇರುತ್ತದೆ. ಅದಕ್ಕೆ ಕೀಲು ಸುಮಾರು ಹತ್ತು ಡಿಗ್ರಿ ಬಾಗಬೇಕು, ಹಿಂದಿನ ಹಗ್ಗ ಅಷ್ಟು ಬಿಟ್ಟುಕೊಡಬೇಕು. ಬಿಟ್ಟುಕೊಡದಿದ್ದರೆ? ಹಿಮ್ಮಡಿ ಹೊತ್ತಿಗೆ ಮುಂಚೆಯೇ ನೆಲ ಬಿಡುತ್ತದೆ. ಇಡೀ ಮೈಭಾರ ಹೆಬ್ಬೆರಳ ಬುಡದ ಅಷ್ಟಗಲ ಜಾಗಕ್ಕೆ ಬೇಗ ಬಂದು ಬೀಳುತ್ತದೆ, ಹೆಚ್ಚು ಹೊತ್ತು ಅಲ್ಲೇ ಕೂರುತ್ತದೆ. ದಿನಕ್ಕೆ ಐದು ಸಾವಿರ ಹೆಜ್ಜೆ ಅಂದರೆ ಒಂದೊಂದು ಕಾಲಿಗೆ ಎರಡೂವರೆ ಸಾವಿರ ಸಲ. ಚರ್ಮ ಮೊದಲು ದಡ್ಡುಗಟ್ಟುತ್ತದೆ, ದಡ್ಡು ತಾನೇ ಒಂದು ಹರಳಾಗಿ ಒಳಗೆ ಒತ್ತುತ್ತದೆ, ಕೆಳಗಿನ ಮಾಂಸ ಒಡೆಯುತ್ತದೆ. ಟೆಕ್ಸಾಸ್‌ನಲ್ಲಿ 1,666 ಡಯಾಬಿಟಿಸ್ ರೋಗಿಗಳನ್ನು ನೋಡಿ 2002ರಲ್ಲಿ ಬಂದ ವರದಿಯಲ್ಲಿ, ಕೀಲು ಹೀಗೆ ಬಿಗಿದವರಿಗೆ ಅಂಗಾಲಿನ ಒತ್ತಡ ಅತಿಯಾಗುವ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು.

ಆಯಿಯ ಪ್ರಶ್ನೆಗೆ ಉತ್ತರ ಇದೇ. ಗಾಯ ಮುಂದೆ ಇದ್ದರೂ ಅದನ್ನು ಮಾಡುತ್ತಿರುವ ಕೈ ಹಿಂದೆ ಇದೆ.

ಇಷ್ಟಾದರೂ ನನಗೆ ನಿಮಗೆ ಗಾಯ ಆಗುವುದಿಲ್ಲ, ಯಾಕೆಂದರೆ ನಾವು ಕುಂಟುತ್ತೇವೆ. ಒಂದು ಜಾಗ ನೋಯತೊಡಗಿದರೆ ಗೊತ್ತಿಲ್ಲದೇ ಭಾರವನ್ನು ಬೇರೆ ಕಡೆ ಹಾಕುತ್ತೇವೆ. ಕುಂಟುವುದು ದೇಹದ ಲೋಡ್ ಬ್ಯಾಲೆನ್ಸರ್. ಕಾಕಾನ ಕಾಲಿನಲ್ಲಿ ಆ ಸಿಗ್ನಲ್ ಬರುವ ತಂತಿ ಸತ್ತಿದೆ. ಅವರು ನೆಟ್ಟಗೆ, ಠೀವಿಯಿಂದ ನಡೆಯುತ್ತಾರೆ, ಅದೇ ಸಮಸ್ಯೆ.

ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಪಾಲ್ ಬ್ರ್ಯಾಂಡ್ ಮುಖ್ಯರು, ಅದೂ ನಮ್ಮ ಪಕ್ಕದ ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಈ ಸರ್ಜನ್ ಕುಷ್ಠರೋಗಿಗಳ ಕೈಕಾಲು ನೋಡುತ್ತಾ, ಬೆರಳು ಹೋಗುವುದು ಮಾಂಸ ತಾನಾಗಿ ಕೊಳೆತು ಅಲ್ಲ, ನೋವು ಗೊತ್ತಾಗದೆ ಆದ ಪೆಟ್ಟು ಮತ್ತು ಒತ್ತಡದಿಂದ ಅಂತ ಕಂಡುಕೊಂಡರು. 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಅದೇ ತಿಳಿವಳಿಕೆಯನ್ನು, ಅದೇ ಪ್ಲಾಸ್ಟರ್ ವಿಧಾನವನ್ನು ಡಯಾಬಿಟಿಸ್ ಪಾದಕ್ಕೆ ತಂದರು. ನಮ್ಮ ಕಾಕಾನ ಕಾಲಿಗೆ ಹಾಕಿದ ಪ್ಲಾಸ್ಟರಿನ ವಂಶಾವಳಿ ಭಾರತ, ಶ್ರೀಲಂಕಾದ ಕುಷ್ಠರೋಗ ಆಸ್ಪತ್ರೆಗಳಿಗೆ ಹೋಗುತ್ತದೆ. ಅಮೆರಿಕದಿಂದ ಬಂದದ್ದಲ್ಲ, ಇಲ್ಲಿಂದ ಅಲ್ಲಿಗೆ ಹೋದದ್ದು.

ಸರಿ, ಹಗ್ಗ ಉದ್ದ ಮಾಡಿದರೆ ಕೆಲಸ ಆಗುತ್ತದೆಯೇ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇಂಥದೇ ಗಾಯ ಇದ್ದ 64 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಪ್ಲಾಸ್ಟರ್, ಇನ್ನೊಂದಕ್ಕೆ ಟೆಂಡನ್ ಉದ್ದ ಮಾಡಿ ಪ್ಲಾಸ್ಟರ್. ಗಾಯ ಮಾಯುವುದರಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ, ಶೇಕಡಾ 88 ಮತ್ತು 100. ವ್ಯತ್ಯಾಸ ಇದ್ದದ್ದು ಆಮೇಲೆ. ಏಳು ತಿಂಗಳಲ್ಲಿ ಬರೀ ಪ್ಲಾಸ್ಟರಿನವರಲ್ಲಿ ಶೇಕಡಾ 59 ಮಂದಿಗೆ ಗಾಯ ಮರಳಿತ್ತು, ಆಪರೇಷನ್ ಆದವರಲ್ಲಿ 15. ಎರಡು ವರ್ಷಕ್ಕೆ 81 ಮತ್ತು 38. ಕಾಕಾನ ಎರಡು ಸಲದ ಮರುಕಳಿಕೆ ಆ 59ರಲ್ಲಿ, 81ರಲ್ಲಿ ಕೂತಿದೆ ನೋಡಿ.

ಆದರೆ ಅದೇ ತಂಡದ ಮುಂದಿನ ಲೆಕ್ಕವನ್ನೂ ಓದಬೇಕು. ಆಪರೇಷನ್ ನಂತರ ಮುಂಗಾಲಿನ ಒತ್ತಡ ಇಳಿದದ್ದು ಬಹಳ ಮಟ್ಟಿಗೆ ಮೀನಖಂಡದ ತಳ್ಳುವ ಶಕ್ತಿ ಕುಂದಿದ್ದರಿಂದ. ಎಂಟು ತಿಂಗಳ ಹೊತ್ತಿಗೆ ಶಕ್ತಿ ವಾಪಸು ಬಂತು, ಒತ್ತಡವೂ ಮತ್ತೆ ಏರಿತು. ಅಂದರೆ ಇದು ಶಾಶ್ವತ ವರ ಅಲ್ಲ, ಚರ್ಮ ಗಟ್ಟಿಯಾಗಲು ಸಿಕ್ಕ ಸಮಯ. ಇನ್ನೊಂದು ಅಪಾಯ: ಹಗ್ಗ ಅತಿಯಾಗಿ ಉದ್ದವಾದರೆ ಭಾರವೆಲ್ಲ ಹಿಮ್ಮಡಿಗೆ ಹೋಗಿ ಅಲ್ಲೇ ಹೊಸ ಗಾಯ ಆಗಬಹುದು. ಹಿಮ್ಮಡಿಯ ಗಾಯ ಮುಂಗಾಲಿನದಕ್ಕಿಂತ ಹಠಮಾರಿ.

ಆಪರೇಷನ್ ಮಾಡುವ ರೀತಿ ಓದಿ ಮಾತ್ರ ಇಂಜಿನಿಯರ್ ಮನಸ್ಸು ಕುಣಿಯಿತು. ಟೆಂಡನ್ನನ್ನು ಪೂರ್ತಿ ಕತ್ತರಿಸುವುದಿಲ್ಲ. ಚರ್ಮದಲ್ಲಿ ಮೂರು ಚಿಕ್ಕ ತೂತು ಮಾಡಿ, ಮೂರು ಎತ್ತರದಲ್ಲಿ, ಒಂದು ಸಲ ಎಡದಿಂದ ಅರ್ಧ, ಒಂದು ಸಲ ಬಲದಿಂದ ಅರ್ಧ, ಮತ್ತೆ ಎಡದಿಂದ ಅರ್ಧ ಕೊಯ್ಯುತ್ತಾರೆ. ಆಮೇಲೆ ಪಾದವನ್ನು ಮೇಲಕ್ಕೆ ಒತ್ತಿದರೆ ಎಳೆಗಳು ಒಂದರ ಮೇಲೊಂದು ಜಾರಿ ಹಗ್ಗ ತಾನೇ ಉದ್ದವಾಗುತ್ತದೆ. ಸಕ್ಕರೆ ಜಾರಲು ಬಿಡದೆ ಬೆಸೆದಿತ್ತಲ್ಲ, ಅದನ್ನು ಚಾಕು ಬಿಡಿಸುತ್ತದೆ. ಆಮೇಲೆ ವಾರಗಟ್ಟಲೆ ಪ್ಲಾಸ್ಟರ್, ನಡುವಿನ ಸಂದಿನಲ್ಲಿ ಹೊಸ ಅಂಗಾಂಶ ಬೆಳೆಯುವ ತನಕ.

ಇಷ್ಟನ್ನು ಫೋನಿನಲ್ಲಿ ಕಾಕಾನಿಗೆ ಹೇಳಿದೆ. ನಂಬರು, ಅಪಾಯ ಎಲ್ಲ. "ಕಾಕಾ, ಪೂರಾ ಕಡಿಯೂದಿಲ್ಲ, ಅರ್ಧರ್ಧ. ಆದ್ರ ಮೊದಲಿನಂಗ ಜೋರ ಇರೂದಿಲ್ಲ ಕಾಲಾಗ. ಆಮ್ಯಾಲ ಹಿಮ್ಮಡಿನೂ ನೋಡಕೋಬೇಕು." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು: "ಮಾಡಿಸಲಿಲ್ಲಂದ್ರ?" ನಾನು ಹೇಳಿದೆ, ಒಂದಲ್ಲ ಒಂದು ಸಲ ಗಾಯ ಮೂಳಿಗೆ ಇಳೀತದ, ಆಗ ಬೆರಳ ತಗೀಬೇಕಾಗತದ, ಅಲ್ಲಿಗೂ ನಿಲ್ಲಲಿಕ್ಕಿಲ್ಲ ಅಂತ. "ಹಂಗಾರ ನರಾನ ಕೊಡೂನು ತಮ್ಮಾ. ಬೆರಳ ಬ್ಯಾಡ."

ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ಮುಂದಿನ ಗಾಯ ಮಾಯಿತು, ಈವರೆಗೆ ಮರಳಿಲ್ಲ. ಎರಡು ವರ್ಷದ 38ರ ಲೆಕ್ಕ ನನಗೆ ನೆನಪಿದೆ, ಆದ್ದರಿಂದ ಈಗಲೇ ಗೆದ್ದೆವು ಅನ್ನುವುದಿಲ್ಲ. ಕಬ್ಬಿನ ಟ್ರೇಲರ್ ಹತ್ತುವಾಗ ಬಲಗಾಲಲ್ಲಿ ತಳ್ಳಲು ಆಗುವುದಿಲ್ಲ, ಎಡಗಾಲು ಮೊದಲು ಇಡಬೇಕು. ಇಳಿಜಾರಿನ ಬದುವಿನ ಮೇಲೆ ಕೋಲು ಬೇಕು. ರಾತ್ರಿ ಊಟ ಆದ ಮೇಲೆ ಕಾಕು ಬ್ಯಾಟರಿ ಹಿಡಿದು ಎರಡೂ ಅಂಗಾಲು, ಮುಖ್ಯವಾಗಿ ಹಿಮ್ಮಡಿ ನೋಡುತ್ತಾಳೆ. ಕೆಂಪಗಾಗಿದೆಯಾ, ಬಿಸಿ ಇದೆಯಾ, ಬಿರುಕು ಬಿಟ್ಟಿದೆಯಾ. ನಮ್ಮ ಮನೆಯಲ್ಲಿ ಈಗ ಅತಿ ನಂಬಿಕಸ್ಥ ಮಾನಿಟರಿಂಗ್ ಸಿಸ್ಟಮ್ ಅಂದರೆ ಕಾಕು :)

ಚಪ್ಪಲಿಯದ್ದೇ ದೊಡ್ಡ ಜಗಳ ಆಯಿತು. ಕಾಕಾ ಹುಟ್ಟಾ ಕೊಲ್ಹಾಪುರಿ ಹಾಕಿದವರು. ಆ ಚಪ್ಪಲಿ ಎಷ್ಟೇ ಚೆಂದ ಇರಲಿ, ಸ್ಪರ್ಶ ಇಲ್ಲದ ಕಾಲಿಗೆ ಗಟ್ಟಿ ಅಟ್ಟೆ, ಹೆಬ್ಬೆರಳು ಕಚ್ಚುವ ಉಂಗುರ ಎರಡೂ ವೈರಿಗಳೇ. ಈಗ ಮೆತ್ತನೆ ಎಂಸಿಆರ್ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ. "ದವಾಖಾನಿ ಚಪ್ಪಲಿ" ಅಂತ ಮುಖ ಸಿಂಡರಿಸಿ ಹಾಕುತ್ತಾರೆ. ಬೆಂಗಳೂರಿನ ಐಐಎಸ್‌ಸಿಯ ಮೆಕ್ಯಾನಿಕಲ್ ವಿಭಾಗ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಜೊತೆ ಸೇರಿ ಮಾಡಿದ ಒಂದು ಚಪ್ಪಲಿಯ ಸುದ್ದಿ 2022ರಲ್ಲಿ ಬಂದಿತ್ತು. ತ್ರಿಡಿ ಪ್ರಿಂಟ್ ಮಾಡಿದ ಅಟ್ಟೆಯಲ್ಲಿ ಚಿಕ್ಕ ಚಿಕ್ಕ ಕಮಾನುಗಳು. ಒತ್ತಡ ಒಂದು ಮಿತಿ ದಾಟಿದರೆ ಆ ಜಾಗದ ಕಮಾನು ಟಕ್ಕನೆ ಉಲ್ಟಾ ಬಾಗಿ ಭಾರವನ್ನು ಪಕ್ಕಕ್ಕೆ ಹಂಚುತ್ತದೆ, ಕಾಲೆತ್ತಿದಾಗ ಮತ್ತೆ ಮೊದಲಿನಂತಾಗುತ್ತದೆ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಸತ್ತ ನರ ಮಾಡಬೇಕಿದ್ದ ಕುಂಟುವ ಕೆಲಸವನ್ನು ಅಟ್ಟೆ ಮಾಡುತ್ತದೆ ಅನ್ನಿ. ಅದನ್ನು ಓದಿದ ದಿನ ಮೆಕ್ಯಾನಿಕಲ್ ಬಿಟ್ಟು ಬಂದದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು.

ಹೋದ ತಿಂಗಳು ತೋರಿಸಲು ಹೋದಾಗ ಡಾಕ್ಟರು ಎಡಗಾಲನ್ನೂ ಒತ್ತಿ ನೋಡಿದರು. ಅದೂ ತೊಂಬತ್ತಕ್ಕೆ ಬರುತ್ತಿಲ್ಲ, ಹೆಬ್ಬೆರಳ ಬುಡದಲ್ಲಿ ದಡ್ಡು ಶುರುವಾಗಿದೆ. ಗಾಯ ಆಗಿಲ್ಲ ಇನ್ನೂ. ದಡ್ಡು ಹೆರೆದು ಕಳಿಸಿದರು, ಮುಂದಿನ ತಿಂಗಳು ಬನ್ನಿ, ವಿಚಾರ ಮಾಡೋಣ ಅಂದರು. ಕಾಕಾನನ್ನು ಕೇಳಿದರೆ ಉತ್ತರ ಸಿದ್ಧ ಇದೆ: "ಕಬ್ಬ ಫ್ಯಾಕ್ಟರಿಗೆ ಹೋಗಲಿ ತಮ್ಮಾ, ಆಮ್ಯಾಲ ನೋಡೂನು." ಗ್ಯಾಂಗಿನವರು ಇನ್ನೂ ನಮ್ಮ ಹೊಲಕ್ಕೆ ಬಂದಿಲ್ಲ.